ಅಪ್ಪ ಅಮ್ಮನ್ನ ಬೆಂಗಳೂರಿಂದ ಅಮೆರಿಕಾಗೆ ಕರೆಸ್ಕೊಳ್ತಿದೀರಾ? ಏರ್‌ಲೈನು, ಏರ್‌ಪೋರ್ಟು ಹೋಲಿಸಿ ನೋಡೋದು ಹೀಗೆ

ಮಗಳ ಬಾಣಂತನಕ್ಕೋ, ಮೊಮ್ಮಗುನ ನೋಡೋಕೋ ಅಂತ ಅಮೆರಿಕಾಗೆ ಹೊರಡೋ ಅಪ್ಪ ಅಮ್ಮಂದಿರಿಗೆ ಟಿಕೆಟ್ ಬುಕ್ ಮಾಡೋರು ಸಾಮಾನ್ಯವಾಗಿ ಅಲ್ಲಿರೋ ಮಕ್ಕಳು, ಅವರು ನೋಡೋದು ಎರಡೇ ವಿಷಯ, ರೇಟ್ ಎಷ್ಟು ಮತ್ತೆ ಒಟ್ಟು ಎಷ್ಟು ಗಂಟೆ. ಇದ್ರ ಜೊತೆಗೆ ಏರ್‌ಪೋರ್ಟುಗಳಿಗೆ ರ್ಯಾಂಕ್ ಕೊಡೋ ಸ್ಕೈಟ್ರ್ಯಾಕ್ಸ್ ಲಿಸ್ಟ್ ಒಂದು, 2024ರಲ್ಲಿ ದೋಹಾ ಫಸ್ಟು, 2025ರಲ್ಲಿ ಸಿಂಗಾಪುರದ ಚಾಂಗಿ ಫಸ್ಟು ಅಂತ. ಆ ಏರ್‌ಪೋರ್ಟುಗಳು ನಿಜವಾಗ್ಲೂ ಚೆನ್ನಾಗಿವೆ, ಆದ್ರೆ ಅರವತ್ತೈದು ದಾಟಿದ, ಇಂಗ್ಲಿಷ್ ಅಷ್ಟಾಗಿ ಬರದ, ಮಂಡಿನೋವು ಇರೋ ಅಮ್ಮ ಒಬ್ರೇ ಹೋಗ್ತಿದಾರೆ ಅಂದ್ರೆ ನೋಡಬೇಕಾದ್ದೇ ಬೇರೆ. ವಿಮಾನದೊಳಗೆ ಕೂತ್ಮೇಲೆ ಎಲ್ಲಾ ಏರ್‌ಲೈನೂ ಹೆಚ್ಚುಕಮ್ಮಿ ಒಂದೇ, ಕಷ್ಟ ಬರೋದು ನಡುವೆ ಇಳಿದು ಹತ್ತೋ ಜಾಗದಲ್ಲಿ. ಹಾಗಾಗಿ ನಾನು ಯಾರಿಗೇ ಹೇಳಿದ್ರೂ ಮೊದಲು ಟ್ರಾನ್ಸಿಟ್ ಏರ್‌ಪೋರ್ಟ್ ಆರಿಸ್ಕೊಳ್ಳಿ, ಆಮೇಲೆ ಏರ್‌ಲೈನು, ರೇಟು ಕೊನೇಗೆ ಅಂತಾನೇ ಹೇಳೋದು.

ದಾರಿಗಳು ಯಾವ್ಯಾವು ಅಂತ ಒಮ್ಮೆ ನೋಡ್ಬಿಡಿ. ನ್ಯೂಯಾರ್ಕ್, ಬಾಸ್ಟನ್, ಚಿಕಾಗೋ ಕಡೆ ಆದ್ರೆ ದುಬೈ, ದೋಹಾ, ಅಬುಧಾಬಿ ಅಥವಾ ಲಂಡನ್, ಫ್ರಾಂಕ್‌ಫರ್ಟ್. ಸ್ಯಾನ್ ಫ್ರಾನ್ಸಿಸ್ಕೋ, ಸಿಯಾಟಲ್ ಕಡೆ ಆದ್ರೆ ಪೂರ್ವದ ಕಡೆಯಿಂದಾನೂ ಹೋಗಬಹುದು, ಸಿಂಗಾಪುರ, ಟೋಕಿಯೋ, ಹಾಂಗ್‌ಕಾಂಗ್, ಇದನ್ನ ಎಷ್ಟೋ ಜನ ಸರ್ಚ್ ಮಾಡೋದೇ ಇಲ್ಲ. ಬೆಂಗಳೂರಿಂದ ಡೈರೆಕ್ಟ್ ಫ್ಲೈಟ್ ಇದ್ದೇ ಇರತ್ತೆ ಅಂತ ನಂಬ್ಕೊಂಡು ಪ್ಲಾನ್ ಮಾಡಬೇಡಿ. ಏರ್ ಇಂಡಿಯಾ 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ–ಬೆಂಗಳೂರು ನಾನ್‌ಸ್ಟಾಪ್ ಶುರು ಮಾಡಿದಾಗ ಕಾಕ್‌ಪಿಟ್‌ನಲ್ಲಿ ಪೂರ್ತಿ ಮಹಿಳಾ ಪೈಲಟ್‌ಗಳೇ ಇದ್ರು, ಉತ್ತರ ಧ್ರುವದ ಮೇಲಿಂದ ಬಂದ್ರು, ನಮಗೆಲ್ಲ ಹೆಮ್ಮೆ ಆಗಿತ್ತು. ಆದ್ರೆ ಇಷ್ಟುದ್ದದ ರೂಟುಗಳು ಖರ್ಚು, ವಾಯುಮಾರ್ಗ ನೋಡ್ಕೊಂಡು ಬರ್ತವೆ ಹೋಗ್ತವೆ, 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನ ಭಾರತದ ವಿಮಾನಗಳಿಗೆ ಮುಚ್ಚಿದ ಮೇಲಂತೂ ನಮ್ಮ ಕಂಪನಿಗಳು ಪಶ್ಚಿಮಕ್ಕೆ ಸುತ್ತು ಹಾಕ್ಕೊಂಡೇ ಹೋಗಬೇಕಾಯ್ತು. ನಿಮ್ಮ ತಾರೀಖಿಗೆ ಏನಿದೆಯೋ ಅದನ್ನಷ್ಟೇ ನೋಡಿ.

ಎಲ್ಲಕ್ಕಿಂತ ಮುಖ್ಯ, ಪೂರ್ತಿ ಪ್ರಯಾಣ ಒಂದೇ ಪಿಎನ್‌ಆರ್‌ನಲ್ಲಿ, ಅಂದ್ರೆ ಒಂದೇ ಬುಕಿಂಗ್ ನಂಬರಲ್ಲಿ ಇರಲಿ. ಮುಂಬೈವರೆಗೆ ಒಂದು ಟಿಕೆಟು, ಅಲ್ಲಿಂದ ಇನ್ನೊಂದು ಕಂಪನಿದು ಅಂತ ಬಿಡಿಬಿಡಿಯಾಗಿ ತಗೊಂಡ್ರೆ ಹತ್ತು ಸಾವಿರ ಉಳೀಬಹುದು, ಆದ್ರೆ ಮೊದಲ ಫ್ಲೈಟ್ ಲೇಟಾದ್ರೆ ಎರಡನೇ ಕಂಪನಿ ಲೆಕ್ಕದಲ್ಲಿ ನೀವು ಬರಲೇ ಇಲ್ಲ ಅಷ್ಟೇ, ಟಿಕೆಟ್ ಹೋಯ್ತು. ಒಂದೇ ಪಿಎನ್‌ಆರ್ ಆದ್ರೆ ಮುಂದಿನ ಫ್ಲೈಟಿಗೆ ಹಾಕಿಸೋ ಜವಾಬ್ದಾರಿ ಅವರದ್ದು. 2025ರ ಜೂನ್ 23ರಂದು ಕತಾರ್ ಇದ್ದಕ್ಕಿದ್ದ ಹಾಗೆ ಆಕಾಶ ಮುಚ್ಚಿದಾಗ ದೋಹಾ ಕಡೆ ಹೊರಟಿದ್ದ ಎಷ್ಟೋ ವಿಮಾನಗಳು ಬೇರೆ ಊರುಗಳಲ್ಲಿ ಇಳಿದ್ವು, ಅಂಥ ದಿನ ಬಿಡಿ ಟಿಕೆಟ್ ಇಟ್ಕೊಂಡಿರೋ ವಯಸ್ಸಾದವರ ಪರಿಸ್ಥಿತಿ ಯೋಚನೆ ಮಾಡಿ.

ಇನ್ನು ಲೇಓವರ್, ಅಂದ್ರೆ ಎರಡು ಫ್ಲೈಟ್ ನಡುವೆ ಕಾಯೋ ಟೈಮು. ಸೈಟುಗಳು ಒಂದೂಕಾಲು ಗಂಟೆ ಗ್ಯಾಪ್ ಇರೋ ಟಿಕೆಟನ್ನೂ ಮಾರ್ತವೆ, ಯಾಕಂದ್ರೆ ಪ್ರತಿ ಏರ್‌ಪೋರ್ಟಿಗೂ ಕನಿಷ್ಠ ಕನೆಕ್ಷನ್ ಟೈಮ್ ಅಂತ ಒಂದು ಲೆಕ್ಕ ಇರತ್ತೆ, ಗ್ಯಾಪ್ ಅದಕ್ಕಿಂತ ಕಮ್ಮಿ ಇಲ್ದಿದ್ರೆ ಸಾಕು, ಆದ್ರೆ ಆ ಲೆಕ್ಕ ಸರಸರ ನಡೆಯೋರಿಗೆ. ಹಿರಿಯರಿಗೆ ಎರಡೂವರೆಯಿಂದ ನಾಲ್ಕು ಗಂಟೆ ಸರಿಯಾಗಿರತ್ತೆ. ಎಂಟು ಹತ್ತು ಗಂಟೆ ಆದ್ರೆ ಅದೂ ಬೇಡ, ಕಬ್ಬಿಣದ ಕುರ್ಚಿ ಮೇಲೆ ರಾತ್ರಿಯಿಡೀ ಕೂತು ಕಾಲು ಊದ್ಕೊಳತ್ತೆ.

ಈಗ ಏರ್‌ಪೋರ್ಟುಗಳು. ಅಪ್ಪ ಅಮ್ಮ ಮೊದಲ ಸಲ ಹೋಗ್ತಿದ್ರೆ ನನ್ನ ಮೊದಲ ಆಯ್ಕೆ ಅಬುಧಾಬಿ, ಕಾರಣ ಒಂದೇ, ಅಮೆರಿಕಾದ ಇಮಿಗ್ರೇಶನ್ ಅಲ್ಲೇ ಮುಗಿಯತ್ತೆ. 2014ರಿಂದ ಅಮೆರಿಕಾದ ಕಸ್ಟಮ್ಸ್ ಅಂಡ್ ಬಾರ್ಡರ್ ಪ್ರೊಟೆಕ್ಷನ್ ಅಧಿಕಾರಿಗಳೇ ಅಲ್ಲಿ ಕೂತಿರ್ತಾರೆ, ಪ್ರೀಕ್ಲಿಯರೆನ್ಸ್ ಅಂತಾರೆ. ಅಮೆರಿಕಾ ಫ್ಲೈಟಿನವರನ್ನ ಬೇರೆ ಕಡೆ ಕಳಿಸಿ ಮತ್ತೊಂದು ಸಲ ಸೆಕ್ಯೂರಿಟಿ ಮಾಡಿ, ಆಮೇಲೆ ಆಫೀಸರ್ ಮುಂದೆ ನಿಲ್ಲಿಸ್ತಾರೆ, ಬೆರಳಚ್ಚು, ಫೋಟೋ, ಯಾರ ಮನೆಗೆ, ಎಷ್ಟು ದಿನ ಅನ್ನೋ ಪ್ರಶ್ನೆ, ಚೆಕ್-ಇನ್ ಮಾಡಿದ ಸೂಟ್‌ಕೇಸಿನ ಫೋಟೋ ಸ್ಕ್ರೀನ್ ಮೇಲೆ ತೋರಿಸಿ ಇದು ನಿಮ್ಮದೇನಾ ಅಂತಾನೂ ಕೇಳ್ತಾರೆ. ಹಾಗಾಗಿ ಸೂಟ್‌ಕೇಸ್ ಬಣ್ಣ, ಕಟ್ಟಿರೋ ರಿಬ್ಬನ್ನು ಅಮ್ಮನಿಗೆ ಗೊತ್ತಿರಲಿ, ಎಷ್ಟೋ ಮನೇಲಿ ಮಗ ಪ್ಯಾಕ್ ಮಾಡಿರ್ತಾನೆ, ಅಮ್ಮ ಸೂಟ್‌ಕೇಸನ್ನ ಸರಿಯಾಗಿ ನೋಡೇ ಇರಲ್ಲ. ಇದು ಮುಗಿದ್ರೆ ನ್ಯೂಯಾರ್ಕಲ್ಲೋ ಚಿಕಾಗೋದಲ್ಲೋ ಇಳಿದಾಗ ಡೊಮೆಸ್ಟಿಕ್ ಪ್ಯಾಸೆಂಜರ್ ಥರ ಸೀದಾ ಆಚೆ ಬರಬಹುದು, ಹದಿನಾಲ್ಕು ಗಂಟೆ ಕೂತು ಬಂದ್ಮೇಲೆ ಮತ್ತೆ ಉದ್ದ ಕ್ಯೂ ಇಲ್ಲ. ಆದ್ರೆ ಈ ಕೆಲಸಕ್ಕೆ ಟೈಮ್ ಹಿಡಿಯತ್ತೆ, ಮೂರು ಗಂಟೆಗಿಂತ ಕಮ್ಮಿ ಲೇಓವರ್ ತಗೋಬೇಡಿ, ಮತ್ತೆ ಮಗನ ಅಡ್ರೆಸ್, ಫೋನ್ ನಂಬರ್, ರಿಟರ್ನ್ ಟಿಕೆಟ್ ಎಲ್ಲಾ ಕಾಗದದ ಮೇಲೆ ಪ್ರಿಂಟ್ ಇರಲಿ.

ದೋಹಾ ಒಂದೇ ದೊಡ್ಡ ಟರ್ಮಿನಲ್, ಬಸ್ ಹತ್ತಿ ಬೇರೆ ಟರ್ಮಿನಲ್‌ಗೆ ಹೋಗೋ ಗೊಂದಲ ಇಲ್ಲ. ನಡುವೆ ದೀಪ ಹೊತ್ತಿರೋ ದೊಡ್ಡ ಹಳದಿ ಕರಡಿ ಗೊಂಬೆ ಇದೆ, ಗುರುತಿಗೆ ಅದೇ ಸಾಕು, ಅಪ್ಪನೂ ಅಮ್ಮನೂ ಬೇರೆ ಬೇರೆ ಆದ್ರೆ ಕರಡಿ ಹತ್ರ ಬನ್ನಿ ಅಂತ ಮೊದಲೇ ಹೇಳಿಡಿ. ದುಬೈ ಟರ್ಮಿನಲ್ 3 ಬಹಳ ದೊಡ್ಡದು, ಎ, ಬಿ, ಸಿ ಅಂತ ಕಾನ್‌ಕೋರ್ಸುಗಳು, ಅಂದ್ರೆ ಗೇಟುಗಳಿರೋ ಭಾಗಗಳು, ಎಯಿಂದ ಬಿಗೆ ಟ್ರೈನು, ಸಿಗೆ ಮತ್ತೆ ನಡಿಗೆ, ಎಮಿರೇಟ್ಸ್ ಫ್ಲೈಟುಗಳು ಜಾಸ್ತಿ ಇರೋದ್ರಿಂದ ಒಂದು ತಪ್ಪಿದ್ರೂ ಇನ್ನೊಂದು ಸಿಗತ್ತೆ ಅನ್ನೋದು ಒಳ್ಳೇದು, ನಡಿಗೆ ಮಾತ್ರ ಜಾಸ್ತಿ. ಲಂಡನ್ ಹೀಥ್ರೋದಲ್ಲಿ ಎರಡೂ ಫ್ಲೈಟು ಒಂದೇ ಟರ್ಮಿನಲ್‌ನಲ್ಲಿ ಇವೆಯಾ ನೋಡಿ, ಇಲ್ಲ ಅಂದ್ರೆ ಬಸ್ಸು, ಸೆಕ್ಯೂರಿಟಿ ಅಂತೂ ಹೇಗಿದ್ರೂ ಮತ್ತೊಂದು ಸಲ ಇರತ್ತೆ. ಯೂರೋಪ್ ದಾರಿಯಲ್ಲಿ ಭಾರತದ ಪಾಸ್‌ಪೋರ್ಟಿಗೆ ಟ್ರಾನ್ಸಿಟ್ ವೀಸಾ ಬೇಕಾ ಬೇಡ್ವಾ ಅನ್ನೋ ರೂಲ್ಸ್ ಆಗಾಗ ಬದಲಾಗತ್ತೆ, ಏಜೆಂಟ್ ಮಾತು ನಂಬದೆ ಬುಕ್ ಮಾಡೋ ದಿನ ಆ ದೇಶದ ಎಂಬಸಿ ಸೈಟ್ ನೀವೇ ಓದಿ. ಚಾಂಗಿಯ ಹೆಚ್ಚಿನ ಟರ್ಮಿನಲ್‌ಗಳಲ್ಲಿ ಸೆಕ್ಯೂರಿಟಿ ಚೆಕ್ಕು ಗೇಟ್ ಹತ್ರಾನೇ ಇರತ್ತೆ, ಅಂದ್ರೆ ತುಂಬಿಸ್ಕೊಂಡ ನೀರಿನ ಬಾಟಲ್ ಅಲ್ಲಿ ಖಾಲಿ ಮಾಡಬೇಕು, ಮಾತ್ರೆ ತಗೊಳ್ಳೋದಿದ್ರೆ ಗೇಟಿಗೆ ಹೋಗೋಕೆ ಮುಂಚೆ ತಗೊಳ್ಳಿ.

ಅಮೆರಿಕಾದೊಳಗಿನ ಏರ್‌ಪೋರ್ಟನ್ನೂ ಹೋಲಿಸಬೇಕು, ಇದನ್ನ ತುಂಬಾ ಜನ ಬಿಟ್ಬಿಡ್ತಾರೆ. ಪ್ರೀಕ್ಲಿಯರೆನ್ಸ್ ಇಲ್ಲದ ದಾರಿಯಲ್ಲಿ ಬಂದ್ರೆ ಮೊದಲು ಇಳಿಯೋ ಅಮೆರಿಕಾದ ಊರಲ್ಲೇ ಇಮಿಗ್ರೇಶನ್, ಅಲ್ಲೇ ಬ್ಯಾಗ್ ಎತ್ಕೊಂಡು ಕಸ್ಟಮ್ಸ್ ದಾಟಿ ಮತ್ತೆ ಬೆಲ್ಟಿಗೆ ಹಾಕಿ ಇನ್ನೊಂದು ಸೆಕ್ಯೂರಿಟಿ, ಆಮೇಲೆ ಡೊಮೆಸ್ಟಿಕ್ ಫ್ಲೈಟು. ಇಪ್ಪತ್ಮೂರು ಕೆಜಿ ಎರಡು ಸೂಟ್‌ಕೇಸು ಅಮ್ಮ ಒಬ್ರೇ ಎಳೆಯೋಕಾಗಲ್ಲ. ನೀವಿರೋದು ಚಿಕ್ಕ ಊರಾದ್ರೆ ಹತ್ತಿರದ ದೊಡ್ಡ ಏರ್‌ಪೋರ್ಟಿಗೇ ಟಿಕೆಟ್ ಮಾಡ್ಸಿ, ನೀವು ಮೂರು ಗಂಟೆ ಡ್ರೈವ್ ಮಾಡಿ ಹೋಗಿ ಕರ್ಕೊಂಡು ಬನ್ನಿ, ಆ ಮೂರು ಗಂಟೆ ನಿಮಗೆ ಕಷ್ಟ ಅನ್ನಿಸಬಾರದು.

ವಿಮಾನದ ವಿಷಯಕ್ಕೆ ಬಂದ್ರೆ ಕಂಪನಿ ಹೆಸರಿಗಿಂತ ವಿಮಾನದ ಮಾಡೆಲ್ ನೋಡಿ. ಬೋಯಿಂಗ್ 787, ಏರ್‌ಬಸ್ ಎ350 ಇವೆರಡರಲ್ಲಿ ಕ್ಯಾಬಿನ್ ಒತ್ತಡ ಸುಮಾರು 6,000 ಅಡಿ ಎತ್ತರದಲ್ಲಿ ಇರೋ ಹಾಗೆ ಇಟ್ಟಿರ್ತಾರೆ, ಹಳೇ ವಿಮಾನಗಳಲ್ಲಿ 8,000 ಅಡಿವರೆಗೂ ಹೋಗತ್ತೆ, ಹೊಸದರಲ್ಲಿ ಗಾಳಿ ಅಷ್ಟು ಒಣಗಿರಲ್ಲ, ಹದಿನೈದು ಗಂಟೆ ಕೂತವರಿಗೆ ತಲೆನೋವು, ಗಂಟಲು ಒಣಗೋದು ಕಮ್ಮಿ. ಎಕಾನಮಿಯಲ್ಲಿ 777 ಆದ್ರೆ ಬಹಳಷ್ಟು ಕಡೆ ಸಾಲಿಗೆ 3-4-3 ಸೀಟು, 787 ಆದ್ರೆ 3-3-3. ಸೀಟಿನ ನಕ್ಷೆಗೆ ಏರೋಲೋಪಾ ಸೈಟ್ ಚೆನ್ನಾಗಿದೆ. ಓಡಾಡೋ ದಾರಿ ಪಕ್ಕದ ಐಲ್ ಸೀಟೇ ಹಾಕ್ಸಿ, ಪಕ್ಕದವರನ್ನ ಎಬ್ಬಿಸೋಕೆ ಸಂಕೋಚ ಅಂತ ನಮ್ಮ ಹಿರಿಯರು ನೀರು ಕುಡಿಯೋದನ್ನೇ ನಿಲ್ಲಿಸ್ಬಿಡ್ತಾರೆ.

ವೀಲ್‌ಚೇರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು. ಬುಕಿಂಗ್‌ನಲ್ಲೇ ಕೇಳಿ, ಏರ್‌ಪೋರ್ಟಲ್ಲಿ ಹೋಗಿ ಕೇಳೋದಲ್ಲ. ಮೂರು ಕೋಡ್ ಇದೆ, ಡಬ್ಲ್ಯೂಸಿಎಚ್‌ಆರ್ ಅಂದ್ರೆ ಮೆಟ್ಟಿಲು ಹತ್ತಬಲ್ಲರು ದೂರ ನಡೆಯೋಕಾಗಲ್ಲ, ಡಬ್ಲ್ಯೂಸಿಎಚ್‌ಎಸ್ ಅಂದ್ರೆ ಮೆಟ್ಟಿಲೂ ಆಗಲ್ಲ, ಡಬ್ಲ್ಯೂಸಿಎಚ್‌ಸಿ ಅಂದ್ರೆ ಸೀಟಿನವರೆಗೂ ಸಹಾಯ ಬೇಕು. ಮಂಡಿನೋವಿನವರಿಗೆ ಸಾಮಾನ್ಯವಾಗಿ ಎರಡನೇದು ಸರಿ, ಯಾಕಂದ್ರೆ ಕೆಲವು ಸಲ ವಿಮಾನ ದೂರ ನಿಲ್ಲಿಸಿ ಮೆಟ್ಟಿಲಿಳಿಸಿ ಬಸ್ಸಲ್ಲಿ ಕರ್ಕೊಂಡು ಹೋಗ್ತಾರೆ. ಟ್ರಾನ್ಸಿಟ್‌ನಲ್ಲಿ ಏನಾಗತ್ತೆ ಅಂದ್ರೆ, ವಿಮಾನದ ಬಾಗಿಲಲ್ಲಿ ಒಬ್ಬ ಹುಡುಗ ಬರ್ತಾನೆ, ಬೋರ್ಡಿಂಗ್ ಪಾಸ್ ನೋಡಿ ತಳ್ಕೊಂಡು ಹೋಗಿ ಒಂದು ಹಾಲ್‌ನಲ್ಲಿ ಮೂವತ್ತು ನಲವತ್ತು ಜನರ ಜೊತೆ ಕೂರಿಸಿ ಹೋಗ್ಬಿಡ್ತಾನೆ, ಮತ್ತೆ ಯಾವಾಗ ಬರ್ತಾನೆ ಅಂತ ಹೇಳಲ್ಲ. ಅಮ್ಮ ಗಾಬರಿ ಆಗೋದು ಇಲ್ಲೇ. ಅದಕ್ಕೆ ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಇಂಗ್ಲಿಷಲ್ಲಿ ಹೆಸರು, ಮುಂದಿನ ಫ್ಲೈಟ್ ನಂಬರ್, ಹೊರಡೋ ಟೈಮು, ಮಗನ ನಂಬರು, "ನನಗೆ ಇಂಗ್ಲಿಷ್ ಬರಲ್ಲ, ಟಾಯ್ಲೆಟ್‌ಗೆ ಹೋಗಬೇಕು", "ನನ್ನ ಫ್ಲೈಟ್ ಟೈಮ್ ಆಯ್ತು" ಅಂತ ಬರೆದು ಅದರ ಕೆಳಗೇ ಕನ್ನಡದಲ್ಲೂ ಬರೆದುಕೊಡಿ. ಹೊರಡೋಕೆ ಒಂದು ಗಂಟೆ ಉಳಿದಾಗ್ಲೂ ಯಾರೂ ಬಂದಿಲ್ಲ ಅಂದ್ರೆ ಎದ್ದು ಕೌಂಟರಿಗೆ ಆ ರಟ್ಟು ತೋರಿಸಬೇಕು ಅಂತ ಮನೇಲೇ ಪ್ರಾಕ್ಟೀಸ್ ಮಾಡ್ಸಿ. ಪಾಸ್‌ಪೋರ್ಟು ಮಾತ್ರ ಯಾರ ಕೈಲೂ ಬಿಟ್ಟು ಬರಬಾರದು.

ಊಟ. ಎಲ್ಲಾ ಕಂಪನಿಯಲ್ಲೂ ಏಷ್ಯನ್ ವೆಜಿಟೇರಿಯನ್ ಕೋಡ್ ಎವಿಎಂಎಲ್, ಈರುಳ್ಳಿ ಬೆಳ್ಳುಳ್ಳಿ ತಿನ್ನದವರಿಗೆ ಜೈನ್ ಮೀಲ್ ವಿಜೆಎಂಎಲ್. ಹಿಂದೂ ಮೀಲ್ ಅಂತ ಇನ್ನೊಂದಿದೆ, ಹೆಸರು ನೋಡಿ ಟಿಕ್ ಮಾಡಬೇಡಿ, ಅದರಲ್ಲಿ ಚಿಕನ್ನೋ ಕುರಿ ಮಾಂಸಾನೋ ಬರತ್ತೆ. ಕನಿಷ್ಠ 24 ಗಂಟೆ ಮುಂಚೆ ಹಾಕ್ಸಬೇಕು. ಇದ್ರ ಮೇಲೂ ಕೈಚೀಲದಲ್ಲಿ ಚಪಾತಿ, ಅವಲಕ್ಕಿ, ಕೋಡುಬಳೆ ಇರಲಿ.

ಬ್ಯಾಗಿಗೆ ಬಂದ್ರೆ ಒಂದೇ ಏರ್‌ಲೈನ್‌ನಲ್ಲೇ ಕಮ್ಮಿ ರೇಟಿನ ಟಿಕೆಟಿಗೆ ಒಂದೇ ಸೂಟ್‌ಕೇಸ್ ಇರಬಹುದು, ಎರಡನೇದಕ್ಕೆ ಕೊಡೋ ದುಡ್ಡು ಸೇರಿಸಿ ಆಮೇಲೆ ಹೋಲಿಸಿ. ಗಲ್ಫ್ ಕಂಪನಿಗಳಲ್ಲಿ ಎಕಾನಮಿ ಕೈಚೀಲ 7 ಕೆಜಿ. ಉಪ್ಪಿನಕಾಯಿ, ತುಪ್ಪ ಚೆಕ್-ಇನ್‌ಗೆ. ಒಣ ಕೊಬ್ಬರಿ ತಗೊಂಡು ಹೋಗಬೇಡಿ, ಎಣ್ಣೆಯಂಶದಿಂದ ತಾನಾಗೇ ಬಿಸಿಯಾಗಿ ಹೊತ್ಕೊಳ್ಳೋ ಸರಕು ಅಂತ ಅದನ್ನ ಅಪಾಯದ ಪಟ್ಟಿಯಲ್ಲಿ ಇಟ್ಟಿದಾರೆ. ಗಸಗಸೆ ಅಂತೂ ಬೇಡವೇ ಬೇಡ, ಯುಎಇಯಲ್ಲಿ ಅದು ಮಾದಕವಸ್ತು ಕಾನೂನಿಗೆ ಬರತ್ತೆ, ಮಗಳಿಗೆ ಪಾಯಸ ಮಾಡಿಕೊಡೋ ಆಸೆಯಿಂದ ಒಂದು ಪೊಟ್ಟಣ ಇಟ್ಕೊಂಡ್ರೂ ದುಬೈ, ಅಬುಧಾಬಿಯಲ್ಲಿ ತೊಂದರೆ ಆಗಬಹುದು. ಹಸಿ ಕರಿಬೇವು ಅಮೆರಿಕಾದೊಳಗೆ ಬಿಡಲ್ಲ. ಪವರ್‌ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಎಮಿರೇಟ್ಸ್‌ನವರು 2025ರ ಅಕ್ಟೋಬರ್ 1ರಿಂದ ವಿಮಾನದೊಳಗೆ ಅದನ್ನ ಬಳಸೋದನ್ನೇ ನಿಲ್ಲಿಸಿದಾರೆ, ಹಾಗಾಗಿ ಫೋನ್ ಮನೇಲೇ ಫುಲ್ ಚಾರ್ಜ್ ಆಗಿರಲಿ.

ಬೆಂಗಳೂರಿನ ಕಡೆ ತೊಂದರೆ ಕಮ್ಮಿ. 2023ರ ಸೆಪ್ಟೆಂಬರ್‌ನಿಂದ ಇಂಟರ್‌ನ್ಯಾಷನಲ್ ಎಲ್ಲಾ ಟರ್ಮಿನಲ್ 2ರಲ್ಲಿ, ಬಿದಿರು, ಗಿಡ, ನೀರು ಅಂತ ನೋಡೋಕೂ ಹಿತವಾಗಿದೆ. ಮೈಸೂರಿಂದ ಬರೋರಿಗೆ ಕೆಎಸ್‌ಆರ್‌ಟಿಸಿ ಫ್ಲೈಬಸ್ ಸೀದಾ ದೇವನಹಳ್ಳಿಗೆ ಬಿಡತ್ತೆ. ವರ್ಷಕ್ಕೊಂದ್ಸಲ ಹೋಗಿ ಬರೋ ಅಪ್ಪ ಅಮ್ಮ ಆದ್ರೆ ಎಫ್‌ಟಿಐ-ಟಿಟಿಪಿ ಅಂತ ಸರ್ಕಾರದ ಸ್ಕೀಮ್ ಇದೆ, 2025ರ ಜನವರಿಯಿಂದ ಬೆಂಗಳೂರಲ್ಲೂ ಸಿಗ್ತಿದೆ, ಒಮ್ಮೆ ಆನ್‌ಲೈನ್ ಅರ್ಜಿ ಹಾಕಿ ಬಯೋಮೆಟ್ರಿಕ್ ಕೊಟ್ರೆ ಇಮಿಗ್ರೇಶನ್ ಕ್ಯೂ ಬಿಟ್ಟು ಇ-ಗೇಟ್‌ನಲ್ಲಿ ಹೋಗಬಹುದು.

ಎರಡು ಟಿಕೆಟಲ್ಲಿ ಯಾವುದು ಅಂತ ಕೊನೇಗೆ ಉಳಿದಾಗ ಫ್ಲೈಟ್‌ರಾಡಾರ್24 ಅನ್ನೋ ಸೈಟಲ್ಲಿ ಆ ಫ್ಲೈಟ್ ನಂಬರ್ ಹಾಕಿ, ಹಿಂದಿನ ಒಂದು ವಾರ ಎಷ್ಟೊತ್ತಿಗೆ ಹೊರಟಿದೆ, ಎಷ್ಟೊತ್ತಿಗೆ ಇಳಿದಿದೆ ಅಂತ ಫ್ರೀಯಾಗಿ ತೋರಿಸತ್ತೆ, ಬೆಂಗಳೂರಿಂದ ಹೊರಡೋ ಮೊದಲ ಫ್ಲೈಟು ವಾರದಲ್ಲಿ ಮೂರು ದಿನ ಒಂದು ಗಂಟೆ ಲೇಟು ಅಂದ್ರೆ ಎರಡು ಗಂಟೆ ಲೇಓವರ್ ಇರೋ ಆ ಟಿಕೆಟ್ ಬಿಟ್ಬಿಡಿ. ಅಮೆರಿಕಾಗೆ ಹೋಗೋ ಬರೋ ಟಿಕೆಟನ್ನ ಏರ್‌ಲೈನ್ ಸೈಟಲ್ಲೇ ಪ್ರಯಾಣಕ್ಕೆ ಒಂದು ವಾರಕ್ಕಿಂತ ಮುಂಚೆ ಬುಕ್ ಮಾಡಿದ್ರೆ, ಅಮೆರಿಕಾದ ನಿಯಮದ ಪ್ರಕಾರ 24 ಗಂಟೆಯೊಳಗೆ ದಂಡ ಇಲ್ಲದೆ ಕ್ಯಾನ್ಸಲ್ ಮಾಡೋಕೆ ಅಥವಾ ದುಡ್ಡು ಕಟ್ಟದೆ ಅದೇ ರೇಟಲ್ಲಿ ಹಿಡಿದಿಟ್ಕೊಳ್ಳೋಕೆ ಕಂಪನಿ ಅವಕಾಶ ಕೊಡಲೇಬೇಕು. ಆ ಒಂದು ದಿನದಲ್ಲಿ ಅಪ್ಪ ಅಮ್ಮಂಗೆ ಫೋನ್ ಮಾಡಿ, ಎಲ್ಲಿ ಇಳಿತಾರೆ, ಎಷ್ಟೊತ್ತು ಕಾಯಬೇಕು, ಎಲ್ಲಿ ಬ್ಯಾಗ್ ತಗೋಬೇಕು ಅಂತ ಪೂರ್ತಿ ಓದಿ ಹೇಳಿ, ಅವರು ಸರಿ ಅಂದ್ಮೇಲೆ ವೀಲ್‌ಚೇರು, ಊಟ, ಸೀಟು ಮೂರೂ ಪಿಎನ್‌ಆರ್‌ನಲ್ಲಿ ಎರಡೂ ಫ್ಲೈಟಿಗೆ ಬಂದಿದೆಯಾ ಅಂತ ಕಸ್ಟಮರ್ ಕೇರ್‌ಗೆ ಕಾಲ್ ಮಾಡಿ ಕನ್ಫರ್ಮ್ ಮಾಡ್ಕೊಳ್ಳಿ.