ನಿಮ್ಮ ಅಧ್ಯಕ್ಷ ಅಭ್ಯರ್ಥಿ ಸೋತರೆ ಏನು ಮಾಡಬೇಕು

ಅಮೆರಿಕದಲ್ಲಿ ವೋಟು ಹಾಕುವವರಿಗೆ ನಾಲ್ಕು ವರ್ಷಕ್ಕೊಮ್ಮೆ ಈ ಸಂಕಟ ಇದ್ದದ್ದೇ. ಅರ್ಧ ದೇಶ ಕುಣಿಯುತ್ತಿರುತ್ತದೆ, ಇನ್ನರ್ಧ ಫೋನು ಹಿಡಿದು ಸುಮ್ನೆ ಕೂತಿರುತ್ತದೆ. ನಾನು ಎರಡೂ ಅರ್ಧಗಳಲ್ಲಿ ಇದ್ದು ಬಂದಿದ್ದೇನೆ. ಯಾವ ಪಕ್ಷ ಅಂತ ಹೇಳುವುದಿಲ್ಲ, ಸೋತಾಗ ಎರಡೂ ಕಡೆಯವರು ಮಾಡುವ ತಪ್ಪುಗಳು ಹೆಚ್ಚುಕಡಿಮೆ ಒಂದೇ.

ಮೊದಲು ಟಿವಿ ಆರಿಸಿ ಮಲಗಿ. ನೀವು ಎದ್ದು ಕೂತರೆ ಒಂದು ವೋಟೂ ಜಾಸ್ತಿ ಬರುವುದಿಲ್ಲ. ಅದಕ್ಕಿಂತ ಮುಖ್ಯ, ಮಧ್ಯರಾತ್ರಿ ಆದ ಮೇಲೆ ಯಾರಿಗೂ ಏನೂ ಬರೆಯಬೇಡಿ. ನಾನು ಒಮ್ಮೆ ರಾತ್ರಿ ಎರಡು ಗಂಟೆಗೆ ನೆಂಟರ ವಾಟ್ಸಾಪ್ ಗುಂಪಿಗೆ ಪ್ರಜಾಪ್ರಭುತ್ವ ಮುಗಿದೇ ಹೋಯಿತು ಅಂತ ಮೂರು ಪುಟದಷ್ಟು ಬರೆದು ಕಳಿಸಿದ್ದೆ. ಬೆಳಿಗ್ಗೆ ನೋಡಿದರೆ ಒಂದೇ ಉತ್ತರ ಬಂದಿತ್ತು, ನಮ್ಮ ಅತ್ತೆಯದು: "ಊಟ ಆಯ್ತಾ?"

ಬೆಳಿಗ್ಗೆ ಎದ್ದ ಮೇಲೆ ನಿಜವಾಗಿ ಸೋತಿದ್ದೀರಾ ಅಂತ ನೋಡಿಕೊಳ್ಳಿ. ಟಿವಿಯವರು ಹೇಳುವುದು ಅವರ ಲೆಕ್ಕಾಚಾರ, ಕಾನೂನಿನ ಪ್ರಕಾರ ಫಲಿತಾಂಶ ಕೊಡುವುದು ಆಯಾ ರಾಜ್ಯ. 2020ರಲ್ಲಿ ನವೆಂಬರ್ 3ಕ್ಕೆ ಮತದಾನ ಮುಗಿದರೂ ಗೆದ್ದವರು ಯಾರು ಅಂತ ಟಿವಿಯವರು ಹೇಳಿದ್ದು 7ನೇ ತಾರೀಕಿಗೆ. ಪೆನ್ಸಿಲ್ವೇನಿಯಾ, ವಿಸ್ಕಾನ್ಸಿನ್‌ನಂಥ ರಾಜ್ಯಗಳಲ್ಲಿ ಅಂಚೆಯಲ್ಲಿ ಬಂದ ಮತಗಳ ಲಕೋಟೆಯನ್ನು ಮತದಾನದ ದಿನ ಬೆಳಿಗ್ಗೆವರೆಗೆ ಒಡೆಯುವಂತೆಯೇ ಇರಲಿಲ್ಲ, ಹಾಗಾಗಿ ಅವುಗಳ ಎಣಿಕೆ ನಿಧಾನವಾಗಿ ಮುಗಿಯಿತು, ಸಂಜೆ ಮುಂದಿದ್ದವರು ಎಣಿಕೆ ಮುಂದುವರಿದಂತೆ ಹಿಂದೆ ಬಿದ್ದರು. "ರಾತ್ರೋರಾತ್ರಿ ವೋಟು ತುಂಬಿದರು" ಅಂತ ಯಾರಾದರೂ ಕಳಿಸಿದರೆ ಮುಂದಕ್ಕೆ ತಳ್ಳುವ ಮುಂಚೆ ಇದನ್ನು ನೆನಪಿಸಿಕೊಳ್ಳಿ.

ಮರುಎಣಿಕೆಯ ಮೇಲೆ ಎಷ್ಟು ಆಸೆ ಇಟ್ಟುಕೊಳ್ಳಬಹುದು? ಅಂತರ ನೋಡಿ. 2000ದಲ್ಲಿ ಅಧ್ಯಕ್ಷ ಅಭ್ಯರ್ಥಿ ಅಲ್ ಗೋರ್ ಅವರು ಎದುರಾಳಿ ಜಾರ್ಜ್ ಬುಷ್‌ಗೆ ಫೋನು ಮಾಡಿ ಸೋಲು ಒಪ್ಪಿಕೊಂಡರು, ಸ್ವಲ್ಪ ಹೊತ್ತಿಗೆ ಮತ್ತೆ ಫೋನು ಮಾಡಿ ಆ ಮಾತು ವಾಪಸ್ ತೆಗೆದುಕೊಂಡರು. ಆಮೇಲೆ ಐದು ವಾರ ಜಗ್ಗಾಟ ನಡೆದು ಡಿಸೆಂಬರ್ 12ಕ್ಕೆ ಮರುಎಣಿಕೆ ನಿಲ್ಲಿಸುವ ಸುಪ್ರೀಂ ಕೋರ್ಟ್ ತೀರ್ಪು ಬಂತು, ಮರುದಿನ ಗೋರ್ ಮತ್ತೆ ಸೋಲು ಒಪ್ಪಿಕೊಂಡರು. ಎಲ್ಲ ತೀರ್ಮಾನ ನಿಂತಿದ್ದ ಫ್ಲಾರಿಡಾ ರಾಜ್ಯದಲ್ಲಿ ಕೊನೆಗೆ ಉಳಿದ ಅಂತರ 537 ವೋಟು. ಅಷ್ಟು ಕಡಿಮೆ ಇದ್ದರೆ ಖಂಡಿತ ಕಾಯಿರಿ. ಸಾವಿರಗಟ್ಟಲೆ ಇದ್ದರೆ ಕಾಯಬೇಡಿ. ಜಾರ್ಜಿಯಾದಲ್ಲಿ 2020ರಲ್ಲಿ ಸುಮಾರು 50 ಲಕ್ಷ ಮತಗಳನ್ನು ಕೈಯಲ್ಲೇ ಎಣಿಸಿದರು, ಗೆದ್ದವರು ಬದಲಾಗಲಿಲ್ಲ.

ಇನ್ನೊಂದು ಉರಿ ಇದೆ. ದೇಶದಲ್ಲೆಲ್ಲ ಹೆಚ್ಚು ವೋಟು ಪಡೆದೂ ಸೋಲುವುದು. ಹಿಲರಿ ಕ್ಲಿಂಟನ್ 2016ರಲ್ಲಿ ಗೆದ್ದ ಟ್ರಂಪ್‌ಗಿಂತ ಸುಮಾರು 29 ಲಕ್ಷ ವೋಟು ಹೆಚ್ಚು ಪಡೆದಿದ್ದರು, ಆದರೆ ಅಲ್ಲಿ ಬೇಕಾದದ್ದು 538 ಎಲೆಕ್ಟರ್‌ಗಳಲ್ಲಿ, ಅಂದರೆ ಅಧ್ಯಕ್ಷರನ್ನು ಆರಿಸಲು ರಾಜ್ಯಗಳಿಂದ ಬರುವ ಪ್ರತಿನಿಧಿಗಳಲ್ಲಿ, 270. ಈ ನಿಯಮದ ಮೇಲೆ ಸಿಟ್ಟು ಬರುವುದು ಸಹಜ, ನನಗೂ ಬರುತ್ತದೆ. ಆದರೆ ಅದನ್ನು ಮೋಸ ಅಂತ ಕರೆಯಬೇಡಿ, ಆಟ ಶುರುವಾಗುವ ಮುಂಚೆಯೇ ಎಲ್ಲರಿಗೂ ಗೊತ್ತಿದ್ದ ನಿಯಮ ಅದು. ಸಂವಿಧಾನ ತಿದ್ದಿ ಅದನ್ನು ತೆಗೆಯಬೇಕಾದರೆ ಕಾಂಗ್ರೆಸ್ಸಿನ, ಅಂದರೆ ಅಮೆರಿಕದ ಸಂಸತ್ತಿನ, ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಬೆಂಬಲ ಬೇಕು, ಆಮೇಲೆ 38 ರಾಜ್ಯ ಒಪ್ಪಬೇಕು. ಈ ವಾರ ಆಗುವ ಕೆಲಸ ಅಲ್ಲ.

ಈ ವಾರ ಆಗುವ ಕೆಲಸ ಒಂದಿದೆ, ನಿಮ್ಮ ಕ್ರೆಡಿಟ್ ಕಾರ್ಡ್ ಬಿಲ್ಲು ತೆಗೆದು ನೋಡಿ. ಪ್ರಚಾರದ ಬಿಸಿಯಲ್ಲಿ ತಿಂಗಳು ತಿಂಗಳು ದೇಣಿಗೆ ಹೋಗುವಂತೆ ಟಿಕ್ ಹಾಕಿ ಮರೆತಿರಬಹುದು. ಅಭ್ಯರ್ಥಿ ಮನೆಗೆ ಹೋದರೂ ದುಡ್ಡು ಹೋಗುತ್ತಲೇ ಇರುತ್ತದೆ.

ಕೆನಡಾಕ್ಕೆ ಹೋಗಿಬಿಡುತ್ತೇನೆ ಅನ್ನುವವರಿಗೆ: 2016ರ ಆ ರಾತ್ರಿ ಎಷ್ಟು ಜನ ನುಗ್ಗಿದರೆಂದರೆ ಕೆನಡಾದ ವಲಸೆ ವೆಬ್‌ಸೈಟೇ ಮಲಗಿಬಿಟ್ಟಿತ್ತು. ಹೋದರೂ ಅಮೆರಿಕದ ಪ್ರಜೆಯಾಗಿರುವವರೆಗೆ ಇಲ್ಲಿನ ಟ್ಯಾಕ್ಸ್ ರಿಟರ್ನ್ ತುಂಬುವುದು ತಪ್ಪುವುದಿಲ್ಲ.

ಇನ್ನು, ಆ ಕಡೆಗೆ ವೋಟು ಹಾಕಿದ ಗೆಳೆಯ. ಮೊದಲ ಹತ್ತು ದಿನ ಅವನ ಜೊತೆ ರಾಜಕೀಯ ಬೇಡ. ಅವನು ಕೆಣಕಿದರೆ "ಗೆದ್ದಿದ್ದೀಯ, ಖುಷಿಪಡು" ಅಂದುಬಿಡಿ, ಜಗಳಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ. ಬ್ಲಾಕ್ ಮಾಡಲು ಕೈ ತುರಿಸಿದರೆ ಒಂದು ತಿಂಗಳು ಮ್ಯೂಟ್ ಮಾಡಿ. ಬ್ಲಾಕ್ ಮಾಡಿ ಆಮೇಲೆ ತೆಗೆದದ್ದು ಗೊತ್ತಾಗಿಬಿಡುತ್ತದೆ, ಅದರ ಮುಜುಗರ ನನಗೆ ಚೆನ್ನಾಗಿ ಗೊತ್ತು.

ಮೈಗೆ ಸ್ವಲ್ಪ ಬಲ ಬಂದ ಮೇಲೆ ಮುಂದಿನ ಚುನಾವಣೆ ಯಾವಾಗ ಅಂತ ಹುಡುಕಿ. ಎರಡೇ ವರ್ಷಕ್ಕೆ ಕೆಳಮನೆಯ 435 ಸೀಟುಗಳಿಗೂ ಚುನಾವಣೆ ಬರುತ್ತದೆ, ಮೇಲ್ಮನೆಯಾದ ಸೆನೆಟ್ಟಿನ ಸುಮಾರು ಮೂರನೇ ಒಂದು ಭಾಗಕ್ಕೂ. ಅದಕ್ಕೂ ಮುಂಚೆ ನಿಮ್ಮ ಊರಿನ ಶಾಲಾ ಮಂಡಳಿ, ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಚುನಾವಣೆ ಇರಬಹುದು, ಅಲ್ಲಿ ಕೆಲವೊಮ್ಮೆ ನೂರಿನ್ನೂರು ವೋಟಿನಲ್ಲಿ ಎಲ್ಲ ತೀರ್ಮಾನ ಆಗುತ್ತದೆ. ಅಧ್ಯಕ್ಷರ ಚುನಾವಣೆಗೆ ಉಗುರು ಕಚ್ಚಿಕೊಂಡು ಕೂರುವ ಎಷ್ಟೋ ಜನ ಈ ಕಡೆ ತಲೆಯನ್ನೇ ಹಾಕುವುದಿಲ್ಲ. ಹಿಂದೆ ನಾನೂ ಹಾಕಿರಲಿಲ್ಲ.

ಎಣಿಕೆಯ ಮೇಲೆ ಇನ್ನೂ ಅನುಮಾನ ಹೋಗದಿದ್ದರೆ ಮತಗಟ್ಟೆ ಕೆಲಸಕ್ಕೆ ಹೆಸರು ಕೊಡಿ. ಕೌಂಟಿಯವರೇ ತರಬೇತಿ ಕೊಡುತ್ತಾರೆ, ಚೂರುಪಾರು ಸಂಬಳವೂ ಇದೆ. ನಾನು ಹೋದ ವರ್ಷ ಬೆಳಿಗ್ಗೆ ಐದಕ್ಕೆ ಹೋದವನು ರಾತ್ರಿ ಹತ್ತರವರೆಗೆ ಅಲ್ಲೇ ಇದ್ದೆ. ಪಕ್ಕದ ಕುರ್ಚಿಯಲ್ಲಿ ಇನ್ನೊಂದು ಪಕ್ಷದ ಅಜ್ಜಿ. ಕೊನೆಗೆ ಲೆಕ್ಕ ಹಾಕಿದಾಗ ಖಾಲಿ ಮತಪತ್ರಗಳಲ್ಲಿ ಒಂದು ಕಡಿಮೆ ಬಂತು. ಇಬ್ಬರೂ ಒಬ್ಬರನ್ನೊಬ್ಬರು ಒಂಥರಾ ನೋಡಿದೆವು. ಸೇರಿ ಇನ್ನೆರಡು ಸಲ ಎಣಿಸಿದೆವು, ಮೂರನೇ ಸಲ ಅಜ್ಜಿಯೇ ಬೆರಳಿಗೆ ಎಂಜಲು ಹಚ್ಚಿಕೊಂಡು ಅಂಟಿಕೊಂಡಿದ್ದ ಎರಡು ಹಾಳೆಗಳನ್ನು ಬಿಡಿಸಿದರು. ಆಮೇಲೆ ಇಬ್ಬರೂ ಸಹಿ ಹಾಕಿ ಮನೆಗೆ ಹೋದೆವು.