ಪಾವಗಡದ ನೀರು, ನನ್ನ ಎಂಟು ಹಲ್ಲು

"ಎಲೆಅಡಿಕೆ ಜಾಸ್ತಿ ಹಾಕುತ್ತೀರಾ ಮೇಡಂ?" ಕೆಲಸಕ್ಕೆ ಹಾಜರಾದ ಮೊದಲ ದಿನವೇ ಮುಖ್ಯೋಪಾಧ್ಯಾಯರು ಕೇಳಿದ್ದರು. ನಾನು ಅಡಿಕೆಯ ಚೂರನ್ನೂ ಬಾಯಿಗೆ ಹಾಕಿದವಳಲ್ಲ. ಹುಟ್ಟಿ ಬೆಳೆದದ್ದು ಪಾವಗಡ ತಾಲ್ಲೂಕಿನ ಹಳ್ಳಿಯಲ್ಲಿ, ಕುಡಿದದ್ದು ಕೊಳವೆಬಾವಿಯ ನೀರು, ಅಷ್ಟೇ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬ ಮಿತಿಯಿದೆ. ನಮ್ಮ ಬಾವಿಯ ನೀರು ಅದನ್ನು ಎಂದೋ ಮೀರಿತ್ತು; ಅದರಿಂದಲೇ ನನ್ನ ಹಲ್ಲಿಗೆ ಈ ಕಂದು ಕಲೆ. ಅಮ್ಮನ ಹಲ್ಲೂ ಹಾಗೆಯೇ, ಅಕ್ಕನ ಹಲ್ಲೂ ಹಾಗೆಯೇ. ಊರಲ್ಲಿದ್ದಷ್ಟು ದಿನ ಅದೊಂದು ವಿಷಯವೇ ಆಗಿರಲಿಲ್ಲ. ಊರು ಬಿಟ್ಟ ಮೇಲೆ ನಗುವಾಗ ಸೆರಗು ಬಾಯಿಗೆ ಅಡ್ಡ ಬರತೊಡಗಿತು.

ಈ ಕಲೆ ಹಲ್ಲಿನ ಮೇಲೆ ಕೂತದ್ದಲ್ಲ ಎಂಬುದು ನನಗೆ ತಿಳಿದದ್ದು ತೀರಾ ತಡವಾಗಿ. ಹಲ್ಲು ಇನ್ನೂ ದವಡೆಯೊಳಗೆ ರೂಪುಗೊಳ್ಳುತ್ತಿರುವಾಗ, ಹೆಚ್ಚುಕಡಿಮೆ ಎಂಟು ವರ್ಷದೊಳಗೆ, ಎನಾಮೆಲ್ ಎಂಬ ಗಟ್ಟಿ ಹೊರಪದರದೊಳಗೇ ಅದು ಹುಟ್ಟಿರುತ್ತದೆ. ಹೀಗಾಗಿ ಉಜ್ಜಿದರೆ ಹೋಗುವುದಿಲ್ಲ. ನಾನು ಇದ್ದಿಲು, ಉಪ್ಪು, ನಿಂಬೆರಸ ಎಲ್ಲವನ್ನೂ ವರ್ಷಗಟ್ಟಲೆ ಹಾಕಿ ಉಜ್ಜಿದ್ದೆ. ನಿಂಬೆಯ ಹುಳಿಗೆ ಎನಾಮೆಲ್ ಸವೆದು ತಣ್ಣೀರು ಕುಡಿದರೆ ಹಲ್ಲು ಜುಮ್ಮೆನ್ನುವಂತಾಯಿತೇ ಹೊರತು ಕಂದು ಬಣ್ಣ ಕದಲಲಿಲ್ಲ. ದಯವಿಟ್ಟು ಯಾರೂ ಇದನ್ನು ಮಾಡಬೇಡಿ.

ಮೂವತ್ತೆಂಟನೆಯ ವಯಸ್ಸಿನಲ್ಲಿ ಹಲ್ಲಿನ ಡಾಕ್ಟರ ಬಳಿ ಹೋದೆ. ಮೊದಲು ಹೋದ ಕ್ಲಿನಿಕ್ಕಿನಲ್ಲಿ ಐದೇ ನಿಮಿಷ ನೋಡಿ, ಹನ್ನೆರಡು ಹಲ್ಲಿಗೆ ಕ್ಯಾಪ್ ಹಾಕೋಣ, ಎರಡು ಸಲ ಬಂದರೆ ಸಾಕು ಎಂದರು. ಕ್ಯಾಪ್ ಎಂದರೆ ಹಲ್ಲನ್ನು ಸುತ್ತಲೂ ತೇಯಬೇಕು. ಬಣ್ಣ ಒಂದನ್ನು ಬಿಟ್ಟರೆ ನನ್ನ ಹಲ್ಲಿಗೆ ಯಾವ ರೋಗವೂ ಇರಲಿಲ್ಲ. ಗಟ್ಟಿ ಹಲ್ಲನ್ನು ಅಷ್ಟೊಂದು ತೇಯಿಸಿಕೊಳ್ಳಲು ಮನಸ್ಸು ಒಪ್ಪದೆ ಎದ್ದು ಬಂದೆ. ಇವತ್ತಿಗೂ ಅದು ನಾನು ಮಾಡಿದ ಸರಿಯಾದ ಕೆಲಸ ಎಂದೇ ನಂಬಿದ್ದೇನೆ.

ಎರಡನೆಯ ಡಾಕ್ಟರು ಬೆಂಗಳೂರಿನವರು. ಮೊದಲ ದಿನ ಒಸಡು ನೋಡಿದರು, ಎಕ್ಸ್‌ರೇ ತೆಗೆದರು, ರಾತ್ರಿ ಹಲ್ಲು ಕಡಿಯುವ ಅಭ್ಯಾಸ ಇದೆಯೇ ಎಂದು ಕೇಳಿದರು. ಆಮೇಲೆ ಒಂದೇ ಹಲ್ಲಿನ ಮೇಲೆ ಆಮ್ಲ ಬೆರೆತ ನುಣ್ಣನೆಯ ಪೇಸ್ಟ್ ಹಾಕಿ ಮೇಲ್ಪದರವನ್ನು ತುಸುವೇ ಉಜ್ಜಿ ನೋಡಿದರು. ಇದಕ್ಕೆ ಮೈಕ್ರೋಅಬ್ರೇಷನ್ ಎನ್ನುತ್ತಾರೆ. ಸುಣ್ಣದಂಥ ಬಿಳಿ ಮಚ್ಚೆಗಳು ಮಾಸಿದವು, ಕಂದು ಗುಳಿಗಳು ಹಾಗೇ ಉಳಿದವು. "ಇಷ್ಟರಲ್ಲೇ ಮುಗಿಯುವುದಾಗಿದ್ದರೆ ವೆನಿಯರ್, ಅಂದರೆ ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಪಿಂಗಾಣಿ ಬಿಲ್ಲೆ, ಬೇಡ ಎನ್ನುತ್ತಿದ್ದೆ. ಒಮ್ಮೆ ತೇಯ್ದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ, ಆಮೇಲೆ ಜೀವನಪೂರ್ತಿ ವೆನಿಯರ್ ಇರಲೇಬೇಕು. ಯೋಚಿಸಿ ಬನ್ನಿ ಮೇಡಂ" ಎಂದರು. ಮೂರು ತಿಂಗಳು ಯೋಚಿಸಿದೆ. ಹಲ್ಲೊಂದಕ್ಕೆ ಹನ್ನೆರಡು ಸಾವಿರ ರೂಪಾಯಿಯಂತೆ ಮೇಲಿನ ಎಂಟು ಹಲ್ಲಿಗೆ ತೊಂಬತ್ತಾರು ಸಾವಿರ. ಚೀಟಿ ಎತ್ತಿ ಹೊಂದಿಸಿಕೊಂಡೆ.

ಮಾತಾಡುವಾಗ ಕೆಳಗಿನ ಹಲ್ಲು ಕಾಣುವುದು ಕಡಿಮೆಯಾದ್ದರಿಂದ ಅವಕ್ಕೆ ಮೈಕ್ರೋಅಬ್ರೇಷನ್ ಮತ್ತು ಬ್ಲೀಚಿಂಗ್ ಸಾಕು ಎಂದಾಯಿತು. ಅದನ್ನು ಮೊದಲೇ ಮುಗಿಸಿ, ಬಣ್ಣ ಒಂದು ಹದಕ್ಕೆ ನಿಲ್ಲಲೆಂದು ಎರಡು ವಾರ ಬಿಟ್ಟರು. ಪಿಂಗಾಣಿಯನ್ನು ಬ್ಲೀಚ್ ಮಾಡಲು ಬರುವುದಿಲ್ಲವಾದ್ದರಿಂದ ಕೆಳಗಿನ ಹಲ್ಲಿನ ಬಣ್ಣ ಮೊದಲು ಗೊತ್ತಾಗಬೇಕಿತ್ತು.

ನನ್ನ ಮಟ್ಟಿಗೆ ಇಡೀ ಕೆಲಸದ ಜೀವಾಳ ಹಲ್ಲಿಗೆ ಯಂತ್ರ ತಾಗಿಸುವ ಮೊದಲೇ ನಡೆಯಿತು. ನನ್ನ ಹಲ್ಲಿನ ಅಚ್ಚಿನ ಮೇಲೆ ಮೇಣದಿಂದ ಹೊಸ ಹಲ್ಲಿನ ಆಕಾರ ತಿದ್ದಿ, ಅದೇ ಆಕಾರವನ್ನು ರೆಸಿನ್ ಎಂಬ, ಪ್ಲಾಸ್ಟಿಕ್‌ನಂಥ ಹಲ್ಲಿನ ಬಣ್ಣದ ವಸ್ತುವಿನಲ್ಲಿ ನನ್ನ ಹಲ್ಲಿನ ಮೇಲೆಯೇ ಕೂರಿಸಿದರು. ಆಗ ಒಂದಿಷ್ಟೂ ತೇಯ್ದಿರಲಿಲ್ಲ. ಮೂರು ದಿನ ಹಾಕಿಕೊಂಡು ಓಡಾಡಿ ಎಂದರು. ನಾನು ಕನ್ನಡ ಪಾಠ ಮಾಡುವವಳು. ಮರುದಿನ ಎಂಟನೆಯ ತರಗತಿಯಲ್ಲಿ ವ್ಯಾಕರಣ. "ವಿಭಕ್ತಿ" ಎಂದಾಗಲೆಲ್ಲ ಕೆಳತುಟಿ ಮೇಲಿನ ಬಾಚಿಹಲ್ಲಿನ ತುದಿಗೆ ತಡೆಯುತ್ತಿತ್ತು. "ಷಷ್ಠಿ" ಎಂದರೆ ಸಣ್ಣ ಸಿಳ್ಳು. ಅದನ್ನು ಹೇಳಿದೆ. ಎರಡು ಮುಂದಿನ ಹಲ್ಲುಗಳನ್ನು ಅರ್ಧ ಮಿಲಿಮೀಟರ್ ಗಿಡ್ಡ ಮಾಡಿದರು, ಮಾತು ಸರಿಹೋಯಿತು. ಈ ಪರೀಕ್ಷೆ ಮಾಡದೆ ನೇರವಾಗಿ ಪಿಂಗಾಣಿ ಕೂರಿಸಿದ್ದರೆ ನನ್ನ ತರಗತಿಯ ಗತಿ ಏನಾಗುತ್ತಿತ್ತೋ.

ಬಣ್ಣವನ್ನು ಬೆಳಗಿನ ಹೊತ್ತು ಕಿಟಕಿಯ ಪಕ್ಕದಲ್ಲಿ ಆರಿಸಿದರು. ಬಾಯಿ ತೆರೆದು ಬಹಳ ಹೊತ್ತಾದರೆ ಹಲ್ಲು ಒಣಗಿ, ಇರುವುದಕ್ಕಿಂತ ಬೆಳ್ಳಗೆ ಕಾಣುತ್ತದೆ. ಹಾಗಾಗಿ ಈ ಕೆಲಸ ಮೊದಲು. ಹದಿನಾರು ಬಣ್ಣದ ಮಾದರಿ ಹಲ್ಲುಗಳ ಪಟ್ಟಿಯಲ್ಲಿ ನನ್ನ ಕೈ ನೇರ ಅತಿ ಬಿಳಿಯದಕ್ಕೆ ಹೋಯಿತು. ಅವರು ಅದನ್ನೇ ತುಟಿಯ ಬಳಿ ಹಿಡಿದು ಕನ್ನಡಿ ಕೊಟ್ಟರು. ನನ್ನ ಮೈಬಣ್ಣಕ್ಕೆ ಅದು ಹೊಸದಾಗಿ ಸುಣ್ಣ ಬಳಿದ ಗೋಡೆಯಂತೆ ಕಂಡಿತು. ಕೊನೆಗೆ ಎ2 ಎಂಬ, ತುಸು ಹಾಲುಗೆನೆಯಂಥ ಬಣ್ಣಕ್ಕೆ ಒಪ್ಪಿದೆವು. ಒಸಡಿನ ಹತ್ತಿರ ಒಂದು ಛಾಯೆ ಗಾಢ, ತುದಿಯಲ್ಲಿ ಬೆಳಕು ಹಾಯುವಂತೆ. ಅಡಿಯ ಕಂದು ಬಣ್ಣ ಇಣುಕದಿರಲೆಂದು ಒಳಪದರ ಬೆಳಕು ಅಷ್ಟಾಗಿ ಹಾಯದಂತಿರಲಿ ಎಂದು ಲ್ಯಾಬಿಗೆ ಬರೆದು ಕಳಿಸಿದರು.

ತೇಯುವ ದಿನ ಮರಗಟ್ಟುವ ಇಂಜೆಕ್ಷನ್ ಕೊಟ್ಟಿದ್ದರಿಂದ ನೋವಿರಲಿಲ್ಲ. ತೇಯ್ದದ್ದು ಸುಮಾರು ಅರ್ಧ ಮಿಲಿಮೀಟರ್. ನಂತರದ ಹತ್ತು ದಿನ ತಾತ್ಕಾಲಿಕ ಹೊದಿಕೆ, ಮಜ್ಜಿಗೆ ಅನ್ನ, ಉಗುರುಬೆಚ್ಚಗಿನ ನೀರು.

ಅಂಟಿಸುವ ದಿನ ಡಬ್ಬಿ ತೆರೆದು ತೋರಿಸಿದರು. ಎಂಟು ಬಿಲ್ಲೆಗಳು, ಒಂದೊಂದೂ ಉಗುರಿನಷ್ಟೇ ತೆಳು. ಕೈಯಲ್ಲಿ ಒತ್ತಿದರೆ ಪಟ್ಟನೆ ಒಡೆಯುವ ಈ ವಸ್ತು ಎನಾಮೆಲ್‌ಗೆ ಅಂಟಿದ ಮೇಲೆ ಗಟ್ಟಿಯಾಗುತ್ತದಂತೆ. ಈ ಅಂಟಿನ ವಿದ್ಯೆಯ ಬೇರು ಇರುವುದು 1955ರಲ್ಲಿ: ಎನಾಮೆಲ್‌ಗೆ ಫಾಸ್ಫಾರಿಕ್ ಆಮ್ಲ ಹಚ್ಚಿ ಒರಟು ಮಾಡಿದರೆ ರೆಸಿನ್ ಬಿಗಿಯಾಗಿ ಹಿಡಿಯುತ್ತದೆ ಎಂದು ಅಮೆರಿಕದ ಮೈಕೆಲ್ ಬುವೊನೊಕೋರ್ ತೋರಿಸಿದರು. ಫ್ಲೋರೈಡ್ ತುಂಬಿದ ಎನಾಮೆಲ್ ಆಮ್ಲಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಆದ್ದರಿಂದ ನನಗೆ ಸಾಮಾನ್ಯಕ್ಕಿಂತ ಹೆಚ್ಚು ಹೊತ್ತು ಹಚ್ಚಿಟ್ಟರು. ನಮ್ಮ ಸೀಮೆಯವರು ವೆನಿಯರ್ ಮಾಡಿಸುವುದಾದರೆ ಡಾಕ್ಟರ ಬಳಿ ಇದೊಂದನ್ನು ತಪ್ಪದೆ ಕೇಳಿ. ಆಮ್ಲ ಹಚ್ಚುವ ಮೊದಲು ಬಿಲ್ಲೆಗಳನ್ನು ಗ್ಲಿಸರಿನ್‌ನಂಥ ಪೇಸ್ಟಿನಲ್ಲಿ ಸುಮ್ಮನೆ ಕೂರಿಸಿ ಕನ್ನಡಿ ಕೊಟ್ಟಿದ್ದರು. ಅಕ್ಕನನ್ನು ಜೊತೆಗೆ ಕರೆದೊಯ್ದಿದ್ದೆ. ಅವಳು ಕಿಟಕಿಯ ಬಳಿ ನನ್ನ ಗಲ್ಲ ಹಿಡಿದು ಅತ್ತ ಇತ್ತ ತಿರುಗಿಸಿ, ಬಹಳ ಹೊತ್ತು ನೋಡಿ, "ನೀನೇ ಕಣೇ" ಎಂದಳು. ಆಗ ಅಂಟಿಸಿ ಎಂದೆ. ಒಂದೊಂದಕ್ಕೂ ನೀಲಿ ಬೆಳಕು ಹಿಡಿದು, ನೀಲಿ ಕಾಗದ ಕಚ್ಚಿಸಿ ಮಟ್ಟ ನೋಡಿ ಮುಗಿಸುವಾಗ ಮೂರು ಗಂಟೆಯಾಗಿತ್ತು.

ನಾಲ್ಕು ವರ್ಷವಾಯಿತು. ಮುದ್ದೆಯನ್ನು ಹೇಗೂ ನುಂಗುವುದರಿಂದ ಅದಕ್ಕೆ ತೊಂದರೆಯಿಲ್ಲ. ಸಂಕ್ರಾಂತಿಯ ಕಬ್ಬನ್ನು ಹಲ್ಲಿನಲ್ಲಿ ಸಿಗಿಯುವುದಿಲ್ಲ, ಸೀಬೆಕಾಯಿಯನ್ನು ಹೆಚ್ಚಿಕೊಂಡು ತಿನ್ನುತ್ತೇನೆ. ಎರಡನೆಯ ವರ್ಷ ಕೋಡುಬಳೆ ಕಚ್ಚಿ ಕೋರೆಹಲ್ಲಿನ ಅಂಚು ಚಕ್ಕೆ ಎದ್ದಿತು; ನುಣುಪು ಮಾಡಿ ಕಳಿಸಿದರು. ಹತ್ತು ಹದಿನೈದು ವರ್ಷಕ್ಕೆ ಬದಲಿಸಬೇಕಾಗಬಹುದು, ಅದಕ್ಕೆಂದು ಸ್ವಲ್ಪ ಸ್ವಲ್ಪ ಹಣ ಕೂಡಿಡುತ್ತಿದ್ದೇನೆ.

ಕಳೆದ ಜೂನ್‌ನಲ್ಲಿ ಎಂಟನೆಯ ತರಗತಿಗೆ ಸೇರಿದ ಹುಡುಗಿಯೊಬ್ಬಳು ಪದ್ಯ ಓದಲು ಎದ್ದು ನಿಂತು ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ನಮ್ಮ ಕಡೆಯವಳೇ. ಅವಳಿಗೆ ನನ್ನ ಹಳೆಯ ಫೋಟೋ ತೋರಿಸಿದೆ. ಅವಳ ಅಮ್ಮನನ್ನು ಒಪ್ಪಿಸಿ ದಸರಾ ರಜೆಯಲ್ಲಿ ಅದೇ ಡಾಕ್ಟರ ಬಳಿ ಕರೆದೊಯ್ದೆ. ಈ ವಯಸ್ಸಿಗೆ ವೆನಿಯರ್ ಬೇಡವೇ ಬೇಡ, ಕಲೆಯೂ ಮೇಲ್ಪದರದಲ್ಲೇ ಇದೆ ಎಂದು ಪೇಸ್ಟ್ ಹಾಕಿ ಉಜ್ಜಿದರು. ಈಗ ಅವಳು ಎರಡೂ ಕೈಯಲ್ಲಿ ಪುಸ್ತಕ ಹಿಡಿದು ಓದುತ್ತಾಳೆ.