ಪರದೇಶದ ಸೇನೆ ಸೇರುವ ಮುನ್ನ ಪೌರತ್ವದ ಲೆಕ್ಕ ನೋಡಿ

ಕಳೆದ ತಿಂಗಳು ಮಂಡ್ಯದ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲಿ ಬೆಳಗಿನ ನಡಿಗೆ ಮುಗಿಸಿ ಹೊರಡುತ್ತಿದ್ದಾಗ, ನಿತ್ಯ ಅಲ್ಲಿ ಓಟದ ಅಭ್ಯಾಸ ಮಾಡುವ ಹುಡುಗನೊಬ್ಬ ನನ್ನನ್ನು ತಡೆದು ನಿಲ್ಲಿಸಿದ. ಮೂರು ಸಲ ಸೇನಾ ಭರ್ತಿ ರ‍್ಯಾಲಿಗೆ ಹೋಗಿ ಬಂದವನು. ಈಗ ಅಗ್ನಿವೀರ್ ವಯೋಮಿತಿ ದಾಟಿದೆ. "ಸಾರ್, ಫ್ರಾನ್ಸ್ ಮಿಲ್ಟ್ರಿಗೆ ನಮ್ಮಂಥೋರ್ನೂ ತಗೋತಾರಂತೆ. ಸೇರಿದ ತಕ್ಷಣ ಸಿಟಿಜನ್‌ಶಿಪ್ಪೂ ಕೊಡ್ತಾರಂತೆ. ನಿಜವಾ?" ಎಂದು ಕೇಳಿ, ಬೆವರಿದ ಕೈಯಲ್ಲೇ ಮೊಬೈಲ್ ತೋರಿಸಿದ. ಎರಡೂವರೆ ಲಕ್ಷ ರೂಪಾಯಿ ಕಟ್ಟಿದರೆ "ಡೈರೆಕ್ಟ್ ಜಾಯಿನಿಂಗ್" ಎಂದು ಏಜೆಂಟನೊಬ್ಬ ಕಳುಹಿಸಿದ ಸಂದೇಶ ಅದರಲ್ಲಿತ್ತು.

ಅವನ ಪ್ರಶ್ನೆಯ ಮೊದಲ ಅರ್ಧ ನಿಜ, ಎರಡನೆಯ ಅರ್ಧ ಅರೆಸತ್ಯ, ಏಜೆಂಟನ ಮಾತು ಪೂರ್ತಿ ಸುಳ್ಳು. ಸಮವಸ್ತ್ರ ಮತ್ತು ಪೌರತ್ವ ಎರಡೂ ಒಂದೇ ಬಾಗಿಲಿನಲ್ಲಿ ಸಿಗುತ್ತವೆ ಎಂದು ನಂಬಿ ಹೊರಟವರೇ ಹೆಚ್ಚಾಗಿ ಮೋಸ ಹೋಗುತ್ತಾರೆ. ಆದ್ದರಿಂದ ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು: ಆ ದೇಶ ಯಾರನ್ನು ತೆಗೆದುಕೊಳ್ಳುತ್ತದೆ?

ಬಹುತೇಕ ದೇಶಗಳು ತಮ್ಮ ಪ್ರಜೆಗಳನ್ನು ಮಾತ್ರ ಸೇನೆಗೆ ಸೇರಿಸಿಕೊಳ್ಳುತ್ತವೆ. ಕೆಲವು ದೇಶಗಳು ಕಾಯಂ ವಾಸದ ಹಕ್ಕು ಪಡೆದವರಿಗೂ ಅವಕಾಶ ಕೊಡುತ್ತವೆ. ಹೊರಗಿನವರನ್ನು ನೇರವಾಗಿ ಕರೆಯುವ ದೇಶಗಳು ಬೆರಳೆಣಿಕೆಯಷ್ಟು. ನಮ್ಮ ಭಾರತೀಯ ಸೇನೆಯೂ ನೇಪಾಳ ಮತ್ತು ಭೂತಾನದ ಪ್ರಜೆಗಳಿಗೆ ಅವಕಾಶ ಕೊಡುತ್ತದೆ ಎಂಬುದನ್ನು ನೆನೆದರೆ ಈ ವಿಂಗಡಣೆ ಸುಲಭವಾಗಿ ಅರ್ಥವಾಗುತ್ತದೆ.

ಅಮೆರಿಕದಲ್ಲಿ ಸೈನಿಕನಾಗಿ ಸೇರಲು ಅಲ್ಲಿನ ಪ್ರಜೆಯಾಗಿರಬೇಕು, ಇಲ್ಲವೇ ಗ್ರೀನ್ ಕಾರ್ಡ್ ಹೊಂದಿರಬೇಕು. ಅಧಿಕಾರಿ ಹುದ್ದೆಗೆ ಪೌರತ್ವವೇ ಬೇಕು. ವಿದ್ಯಾರ್ಥಿ ವೀಸಾದಲ್ಲಿ ಎಂ.ಎಸ್. ಓದಲು ಹೋದವರಿಗಾಗಲಿ, ಎಚ್-1ಬಿ ವೀಸಾದಲ್ಲಿ ದುಡಿಯುತ್ತಿರುವವರಿಗಾಗಲಿ ಅವಕಾಶವಿಲ್ಲ. ವಿಶೇಷ ಭಾಷಾ ಜ್ಞಾನ ಅಥವಾ ವೈದ್ಯಕೀಯ ಕೌಶಲವಿದ್ದ ವೀಸಾದಾರರನ್ನು ಸೇರಿಸಿಕೊಳ್ಳುತ್ತಿದ್ದ 'ಮಾವ್ನಿ' ಯೋಜನೆ 2016ರಲ್ಲೇ ನಿಂತುಹೋಗಿದೆ. ಆದರೂ ಅದರ ಹೆಸರು ಹೇಳಿ ಹಣ ಕೇಳುವವರು ಇದ್ದಾರೆ. ಗ್ರೀನ್ ಕಾರ್ಡ್ ಇದ್ದು ಸೇನೆಗೆ ಸೇರಿದವರಿಗೆ ಮಾತ್ರ ಪೌರತ್ವದ ದಾರಿ ನಿಜಕ್ಕೂ ಹತ್ತಿರವಾಗುತ್ತದೆ. ಶಾಂತಿಕಾಲದಲ್ಲಿ ಒಂದು ವರ್ಷದ ಗೌರವಯುತ ಸೇವೆಯ ನಂತರ ಅರ್ಜಿ ಹಾಕಬಹುದು. ಯುದ್ಧಕಾಲವೆಂದು ಘೋಷಿತವಾದ ಅವಧಿಯಲ್ಲಿ ಕಾನೂನು ಅಷ್ಟು ಕಾಲವನ್ನೂ ಕೇಳುವುದಿಲ್ಲ. 2001ರ ಸೆಪ್ಟೆಂಬರ್ 11ರಿಂದೀಚೆಗಿನ ಕಾಲವನ್ನು ಅಂಥ ಅವಧಿ ಎಂದು ಗುರುತಿಸಲಾಗಿದೆ. ಪೌರತ್ವ ಕೋರುವ ಎನ್-400 ಅರ್ಜಿಗೆ ಸೈನಿಕರಿಂದ ಶುಲ್ಕ ಪಡೆಯುವುದಿಲ್ಲ. ಆದರೆ ಹೀಗೆ ಪೌರತ್ವ ಪಡೆದವರು ಒಟ್ಟು ಐದು ವರ್ಷದ ಗೌರವಯುತ ಸೇವೆ ಪೂರೈಸುವ ಮೊದಲೇ ಕಳಂಕದೊಂದಿಗೆ ಹೊರಬಿದ್ದರೆ ಆ ಪೌರತ್ವವನ್ನು ಹಿಂಪಡೆಯಬಹುದು ಎಂಬ ಷರತ್ತನ್ನು ಯಾವ ಏಜೆಂಟನೂ ಹೇಳುವುದಿಲ್ಲ.

ಬ್ರಿಟನ್ ವಿಷಯ ಬೇರೆ. ಭಾರತ ಕಾಮನ್‌ವೆಲ್ತ್ ಒಕ್ಕೂಟದಲ್ಲಿರುವುದರಿಂದ ನಮ್ಮವರು ಭಾರತದ ಪಾಸ್‌ಪೋರ್ಟ್ ಮೇಲೆಯೇ ಅಲ್ಲಿನ ಸೇನೆಗೆ ಅರ್ಜಿ ಹಾಕುವ ಅರ್ಹತೆ ಹೊಂದಿದ್ದಾರೆ. ಮೊದಲು ಐದು ವರ್ಷ ಬ್ರಿಟನ್ನಿನಲ್ಲಿ ವಾಸವಿರಬೇಕೆಂಬ ನಿಯಮವಿತ್ತು. 2018ರ ನವೆಂಬರ್‌ನಲ್ಲಿ ಅದನ್ನು ಸಡಿಲಿಸಿ, ವರ್ಷಕ್ಕೆ 1,350 ಮಂದಿ ಎಂಬ ಮಿತಿಯನ್ನು ಪ್ರಕಟಿಸಲಾಯಿತು. ಹಲವು ದೇಶಗಳ ಅರ್ಜಿದಾರರು ಇದೇ ಮಿತಿಯೊಳಗೆ ಸ್ಪರ್ಧಿಸಬೇಕಾದ್ದರಿಂದ, ಅರ್ಜಿ ಸ್ವೀಕಾರ ತೆರೆದಿದೆಯೇ ಎಂಬುದನ್ನು ಸೇನೆಯ ಅಧಿಕೃತ ಜಾಲತಾಣದಲ್ಲಿ ನೋಡದೆ, ಪರೀಕ್ಷೆಗೆ ಲಿಖಿತ ಕರೆ ಬಾರದೆ, ವಿಮಾನದ ಟಿಕೆಟ್ ಕೊಳ್ಳಬಾರದು. ಸೇರಿದ ಮೇಲೆ ಪೌರತ್ವ ತಾನಾಗಿ ಬರುವುದಿಲ್ಲ. ನಾಲ್ಕು ವರ್ಷ ಸೇವೆ ಸಲ್ಲಿಸಿ ಬಿಡುಗಡೆಯಾಗುವವರು ಕಾಯಂ ವಾಸದ ಹಕ್ಕಿಗೆ ಅರ್ಜಿ ಹಾಕಬಹುದು. ಆರು ವರ್ಷ ಪೂರೈಸಿದವರಿಗೆ 2022ರ ಏಪ್ರಿಲ್‌ನಿಂದ ಆ ಅರ್ಜಿಯ ಭಾರಿ ಶುಲ್ಕವನ್ನು ಮನ್ನಾ ಮಾಡಲಾಗಿದೆ. ಪೌರತ್ವದ ಅರ್ಜಿ ಅದಕ್ಕಿಂತ ಬೇರೆಯದು.

ಕೆನಡಾ 2022ರ ನವೆಂಬರ್‌ನಲ್ಲಿ ತನ್ನ ಸೇನೆಯನ್ನು ಕಾಯಂ ನಿವಾಸಿಗಳಿಗೆ ತೆರೆಯಿತು, ಅಲ್ಲಿ ಪಿ.ಆರ್. (ಕಾಯಂ ವಾಸದ ಹಕ್ಕು) ಪಡೆದಿರುವ ನಮ್ಮವರು ಅರ್ಜಿ ಹಾಕಬಹುದು. ಆಸ್ಟ್ರೇಲಿಯಾ 2024ರ ಜುಲೈನಿಂದ ಹಂತಹಂತವಾಗಿ ಕೆಲವು ಕಾಯಂ ನಿವಾಸಿಗಳನ್ನು ತೆಗೆದುಕೊಂಡು, 90 ದಿನಗಳ ಸೇವೆಯ ನಂತರ ಪೌರತ್ವದ ಅವಕಾಶ ನೀಡುತ್ತಿರುವುದು ನಿಜವಾದರೂ, ಅದು ನ್ಯೂಜಿಲೆಂಡ್, ಬ್ರಿಟನ್, ಅಮೆರಿಕ ಮತ್ತು ಕೆನಡಾ ಮೂಲದವರಿಗೆಂದು ಪ್ರಕಟವಾದ ಯೋಜನೆ.

ಇನ್ನು ಆ ಹುಡುಗ ಕೇಳಿದ ಫ್ರಾನ್ಸ್. ಅಲ್ಲಿನ ವಿದೇಶಿ ದಳ 'ಲೀಜನ್' 1831ರಲ್ಲಿ ಸ್ಥಾಪನೆಯಾಯಿತು. ಹದಿನೇಳೂವರೆಯಿಂದ ಮೂವತ್ತೊಂಬತ್ತೂವರೆ ವರ್ಷದೊಳಗಿನ ಯಾವ ದೇಶದ ಪುರುಷನೂ ಅದಕ್ಕೆ ಸೇರಬಹುದು. ಫ್ರೆಂಚ್ ಭಾಷೆ ಮೊದಲೇ ಬರಬೇಕೆಂದಿಲ್ಲ. ಆದರೆ ಫ್ರಾನ್ಸಿನ ಹೊರಗೆ ಎಲ್ಲಿಯೂ ಅದು ಭರ್ತಿ ನಡೆಸುವುದಿಲ್ಲ. ಅಭ್ಯರ್ಥಿ ತನ್ನ ಖರ್ಚಿನಲ್ಲಿ, ತಾನೇ ವೀಸಾ ಪಡೆದು, ಪ್ಯಾರಿಸ್ ಸಮೀಪದ ಅಥವಾ ಮಾರ್ಸೇ ಬಳಿಯ ಒಬಾನ್ಯ್ ಊರಿನ ಕೇಂದ್ರದ ಬಾಗಿಲಿಗೆ ಹೋಗಿ ನಿಲ್ಲಬೇಕು. ಶುಲ್ಕವಿಲ್ಲ, ಮಧ್ಯವರ್ತಿಯಿಲ್ಲ. ವೈದ್ಯಕೀಯ, ದೈಹಿಕ ಮತ್ತು ಮಾನಸಿಕ ಪರೀಕ್ಷೆಗಳಲ್ಲಿ ತಿರಸ್ಕೃತನಾದರೆ ಬರಿಗೈಯಲ್ಲಿ ಊರಿಗೆ ಮರಳಬೇಕು. ಆಯ್ಕೆಯಾದರೆ ಮೊದಲ ಕರಾರೇ ಐದು ವರ್ಷದ್ದು. ಮೂರು ವರ್ಷದ ಸೇವೆಯ ನಂತರ ಫ್ರೆಂಚ್ ಪೌರತ್ವ ಕೋರಬಹುದು. ಕೋರಿದ ಮಾತ್ರಕ್ಕೆ ಕೊಡಲೇಬೇಕೆಂದಿಲ್ಲ. ಕಾರ್ಯಾಚರಣೆಯಲ್ಲಿ ಗಾಯಗೊಂಡವರಿಗೆ 1999ರ ಕಾನೂನು ಪ್ರತ್ಯೇಕ ದಾರಿ ಕೊಟ್ಟಿದೆ. 'ಚೆಲ್ಲಿದ ರಕ್ತದಿಂದ ಫ್ರೆಂಚನಾದವನು' ಎಂದು ಅವರು ಅದನ್ನು ಕರೆಯುತ್ತಾರೆ.

ಮೈಸೂರಿನ ಐ.ಟಿ. ಕುಟುಂಬಗಳಿಗೆ ಇಲ್ಲೊಂದು ಮಾತು ಹೇಳಲೇಬೇಕು. ಸಿಂಗಪುರದಲ್ಲಿ ತಂದೆತಾಯಿಯ ಮೂಲಕ ಪಿ.ಆರ್. ಪಡೆದ ಗಂಡುಮಕ್ಕಳಿಗೆ ಎರಡು ವರ್ಷದ ಕಡ್ಡಾಯ ಸೈನಿಕ ಸೇವೆಯಿದೆ. ಅಮೆರಿಕದಲ್ಲಿ 18ರಿಂದ 25 ವರ್ಷದೊಳಗಿನ ಗ್ರೀನ್ ಕಾರ್ಡ್‌ದಾರ ಪುರುಷರು ಸೈನಿಕ ಸೇವೆಯ ಪಟ್ಟಿಯಲ್ಲಿ ನೋಂದಣಿಯಾಗಬೇಕು. ಆಗದಿದ್ದರೆ ಮುಂದೆ ಪೌರತ್ವದ ಅರ್ಜಿಗೇ ತೊಡಕಾಗಬಹುದು. ಮಗನ ಹೆಸರಿನಲ್ಲಿ ಪಿ.ಆರ್. ಅರ್ಜಿ ತುಂಬುವ ದಿನವೇ ತಂದೆತಾಯಿ ಇದನ್ನು ಯೋಚಿಸಬೇಕು.

ನಂತರ: ನಮ್ಮ ಕಾನೂನು ಏನು ಹೇಳುತ್ತದೆ?

1918ರ ಸೆಪ್ಟೆಂಬರ್ 23ರಂದು ಇಂದಿನ ಇಸ್ರೇಲಿನ ಹೈಫಾ ಪಟ್ಟಣದ ಮೇಲೆ ನುಗ್ಗಿದ ಮೈಸೂರು ಲ್ಯಾನ್ಸರ್ಸ್ ಅಶ್ವದಳದ ಸವಾರರು ಮಹಾರಾಜರ ಪ್ರಜೆಗಳಾಗಿಯೇ ಹೋಗಿ, ಬದುಕುಳಿದವರು ಮಹಾರಾಜರ ಪ್ರಜೆಗಳಾಗಿಯೇ ಮರಳಿದರು. ಇಂದು ಹೋಗುವವನ ಸ್ಥಿತಿ ಹಾಗಲ್ಲ. ವಿದೇಶಿ ಸೇನೆ ಸೇರಿದ ಮಾತ್ರಕ್ಕೆ ಭಾರತದ ಪೌರತ್ವ ತಾನಾಗಿ ಹೋಗುವುದಿಲ್ಲ; ಆದರೆ ಸ್ವ ಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ಗಳಿಗೆಯಲ್ಲೇ, 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ಅದು ಕೊನೆಗೊಳ್ಳುತ್ತದೆ. ನಮ್ಮಲ್ಲಿ ಇಬ್ಬಗೆಯ ಪೌರತ್ವವಿಲ್ಲ. ಆಮೇಲೆ ಭಾರತದ ಪಾಸ್‌ಪೋರ್ಟನ್ನು ರಾಯಭಾರ ಕಚೇರಿಗೆ ಒಪ್ಪಿಸಿ ಪ್ರಮಾಣಪತ್ರ ಪಡೆಯಬೇಕು. ಆ ಹಳೆಯ ಪಾಸ್‌ಪೋರ್ಟ್ ಇಟ್ಟುಕೊಂಡು ಪ್ರಯಾಣ ಮಾಡುವುದು ಅಪರಾಧ.

"ಒಸಿಐ ಕಾರ್ಡ್ ಮಾಡಿಸಿದರಾಯಿತು" ಎಂದು ಸಮಾಧಾನ ಪಟ್ಟುಕೊಳ್ಳುವವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ವಿದೇಶಿ ಪ್ರಜೆಗಳಾದ ಭಾರತ ಮೂಲದವರಿಗೆ ವೀಸಾ ಇಲ್ಲದೆ ಬಂದುಹೋಗಲು ಸಿಗುವ ಆ ಕಾರ್ಡ್, ವಿದೇಶಿ ಸೇನೆಯಲ್ಲಿ ಸೇವೆಯಲ್ಲಿರುವವರಿಗೂ ಅಲ್ಲಿಂದ ನಿವೃತ್ತರಾದವರಿಗೂ ಸಿಗುವುದಿಲ್ಲ. ಸಾಫ್ಟ್‌ವೇರ್ ಕೆಲಸ ಮಾಡಿ ಅಮೆರಿಕದ ಪ್ರಜೆಯಾದ ಅಣ್ಣ ಬೇಕೆಂದಾಗ ಊರಿಗೆ ಬರಬಲ್ಲ; ಅದೇ ದೇಶದ ಸೇನೆಯಲ್ಲಿ ದುಡಿದು ಪ್ರಜೆಯಾದ ತಮ್ಮ ತಾಯಿಗೆ ಹುಷಾರಿಲ್ಲವೆಂದರೂ ವೀಸಾ ಇಲ್ಲದೆ ಬರುವಂತಿಲ್ಲ. ನನ್ನ ದೃಷ್ಟಿಯಲ್ಲಿ ಇಡೀ ವಿಷಯದಲ್ಲಿ ಅತ್ಯಂತ ಗಂಭೀರವಾಗಿ ತೂಗಬೇಕಾದ ಸಂಗತಿ ಇದೇ.

ಏಜೆಂಟರ ಬಗ್ಗೆ

ರಷ್ಯಾದಲ್ಲಿ ಸಹಾಯಕರ ಕೆಲಸವೆಂದು ನಂಬಿ ಹೋದ ಭಾರತೀಯ ಯುವಕರನ್ನು ಯುದ್ಧಭೂಮಿಗೆ ತಳ್ಳಿದ ಪ್ರಕರಣಗಳು 2024ರಲ್ಲಿ ಬೆಳಕಿಗೆ ಬಂದವು. ಅವರಲ್ಲಿ ನಮ್ಮ ಕಲಬುರಗಿ ಜಿಲ್ಲೆಯವರೂ ಇದ್ದರು. ರಷ್ಯಾ ಸೇನೆಯಲ್ಲಿ 126 ಭಾರತೀಯರಿದ್ದ ಬಗ್ಗೆ ಮಾಹಿತಿಯಿದ್ದು, 96 ಮಂದಿ ಮರಳಿದ್ದಾರೆ, 12 ಮಂದಿ ಸತ್ತಿದ್ದಾರೆ, 16 ಮಂದಿಯ ಸುಳಿವಿಲ್ಲ ಎಂದು 2025ರ ಜನವರಿಯಲ್ಲಿ ವಿದೇಶಾಂಗ ಸಚಿವಾಲಯ ತಿಳಿಸಿತು. ಆದ್ದರಿಂದ ಓದಲು ಬಾರದ ಭಾಷೆಯ ಕರಾರಿಗೆ ಯಾವ ಕಾರಣಕ್ಕೂ ಸಹಿ ಹಾಕಬೇಡಿ. ವಿದೇಶದ ಕೆಲಸಕ್ಕೆ ಜನರನ್ನು ಕಳುಹಿಸುವ ಏಜೆಂಟ್ 1983ರ ವಲಸೆ ಕಾಯ್ದೆಯಡಿ ನೋಂದಣಿಯಾಗಿರಬೇಕು. ಆತನ ಹೆಸರನ್ನು 'ಇ-ಮೈಗ್ರೇಟ್' ಜಾಲತಾಣದಲ್ಲಿ ಹುಡುಕಿ ನೋಡಿ. ಪಾಸ್‌ಪೋರ್ಟನ್ನು ಯಾರ ಕೈಗೂ ಒಪ್ಪಿಸಬೇಡಿ. ಈಗಾಗಲೇ ಸಿಕ್ಕಿಹಾಕಿಕೊಂಡವರ ಮನೆಯವರು ಸಚಿವಾಲಯದ 'ಮದದ್' ಜಾಲತಾಣದಲ್ಲಿ ದೂರು ದಾಖಲಿಸಿ, ಸ್ಥಳೀಯ ಪೊಲೀಸರಿಗೂ ತಿಳಿಸಬೇಕು.

ಕೊನೆಗೆ: ಕಾಗದಪತ್ರ

ಎಲ್ಲವನ್ನೂ ತೂಗಿ ನೋಡಿ ಮುಂದುವರಿಯುವುದೆಂದು ನಿರ್ಧರಿಸಿದವರು ಹೆಸರಿನಿಂದಲೇ ಆರಂಭಿಸಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಎರಡು ಇನಿಷಿಯಲ್, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು, ಪಾಸ್‌ಪೋರ್ಟ್‌ನಲ್ಲಿ ಉಪನಾಮದ ಜಾಗ ಖಾಲಿ: ನಮ್ಮ ಕಡೆಯ ಹುಡುಗರ ದಾಖಲೆಗಳು ಸಾಮಾನ್ಯವಾಗಿ ಹೀಗೇ ಇರುತ್ತವೆ, ಮತ್ತು ಇವರೆಲ್ಲ ಒಬ್ಬನೇ ಎಂದು ವಿದೇಶದ ಅಧಿಕಾರಿಗೆ ಒಪ್ಪಿಸುವುದು ಕಷ್ಟ. ಮೂರನ್ನೂ ಒಂದೇ ರೀತಿ ಮಾಡಿಸಿಕೊಳ್ಳಿ. 2017ರ ಜನವರಿಯಲ್ಲಿ ದೇಶದ ಮೊದಲ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿ ಒಂದು ಆರಂಭವಾದದ್ದು ಮೈಸೂರಿನಲ್ಲೇ ಆದ್ದರಿಂದ, ಪಾಸ್‌ಪೋರ್ಟ್ ಅರ್ಜಿಗೆ ಬೆಂಗಳೂರಿಗೆ ಅಲೆಯಬೇಕಾದ ಕಾಲ ಮುಗಿದಿದೆ. ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರಕ್ಕೂ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲೇ ಅರ್ಜಿ ಹಾಕಬೇಕು. ಜನನ ಪ್ರಮಾಣಪತ್ರ ಮತ್ತು ಅಂಕಪಟ್ಟಿಗಳಿಗೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆ (ದಾಖಲೆ ಅಸಲಿ ಎಂದು ವಿದೇಶಗಳಿಗೆ ನೀಡುವ ದೃಢೀಕರಣ) ಬೇಕಾಗಬಹುದು.

ಇಷ್ಟನ್ನೂ ಆ ಹುಡುಗನ ಮನೆಯಲ್ಲಿ ಕುಳಿತು ವಿವರಿಸಿದಾಗ, ಅಲ್ಲಿಯವರೆಗೆ ಬಾಗಿಲ ಬಳಿ ನಿಂತು ಕೇಳಿಸಿಕೊಳ್ಳುತ್ತಿದ್ದ ಅವನ ತಾಯಿ ಒಂದೇ ಪ್ರಶ್ನೆ ಕೇಳಿದರು: "ಅವ್ನು ಆ ದೇಶದವ್ನೇ ಆಗೋದ್ರೆ ನಮ್ ಗದ್ದೆ ಏನಾಯ್ತದೆ, ಸ್ವಾಮಿ?" ಅಪ್ಪನಿಂದ ಪಿತ್ರಾರ್ಜಿತವಾಗಿ ಬರುವ ಜಮೀನನ್ನು ಅವನು ಇಟ್ಟುಕೊಳ್ಳಬಹುದು, ವಿದೇಶಿ ಪ್ರಜೆಯಾದ ಮೇಲೆ ಕೃಷಿ ಭೂಮಿಯನ್ನು ಹೊಸದಾಗಿ ಕೊಳ್ಳುವಂತಿಲ್ಲ, ಇಲ್ಲಿ ಮತ ಹಾಕುವಂತಿಲ್ಲ ಎಂದೆ. ಅದನ್ನು ಕೇಳಿದ ಹುಡುಗ ಏಜೆಂಟನ ಸಂದೇಶ ಅಳಿಸಲಿಲ್ಲ. ಪೊಲೀಸರಿಗೆ ತೋರಿಸಲೆಂದು ಅದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡ.